ಸೊನ್ನೆ ಗೆರೆಗೊಂದು ಸ್ಟೂಲು

ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಫೇಲಾದ ಚೋಟು ಮನೆಗೆ ಬಂದು ಹೇಳಿದ ಮೊದಲ ಮಾತು, ಆ ಕಾಲೇಜೇ ಸರಿಯಿಲ್ಲ ಅಂತ. ಎರಡನೆಯದು, ಮೇಷ್ಟರಿಗೆ ತನ್ನನ್ನು ಕಂಡರಾಗದು ಅಂತ. ಹೊಲಿಗೆ ಯಂತ್ರದ ಮುಂದಿದ್ದ ಅಮ್ಮ ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು.

ಚೋಟು ಎಂಬುದು ಇಟ್ಟ ಹೆಸರಲ್ಲ, ಬಿಡಿ. ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಅಂಗಡಿಯ ಅತಿ ಚಿಕ್ಕ ಲ್ಯಾಬ್ ಕೋಟನ್ನೂ ಅಮ್ಮ ನಾಲ್ಕು ಬೆರಳು ಮಡಚಿ ಹೊಲಿದುಕೊಟ್ಟಿದ್ದಳು. ಹುಡುಗಿ ಚೋಟುದ್ದವಾದರೇನು, ಹಟ ಮಾತ್ರ ಮಾರುದ್ದ. ಬೇರೆ ಕಾಲೇಜು ಹುಡುಕಿಯೇಬಿಟ್ಟಳು. ಅಲ್ಲಿನವರು ಒಂದು ಷರತ್ತು ಹಾಕಿದರು: ಆರು ತಿಂಗಳಲ್ಲಿ ಆ ಪ್ರಾಕ್ಟಿಕಲ್ ಪಾಸಾಗಬೇಕು, ಇಲ್ಲವಾದರೆ ಸೀಟಿಲ್ಲ.

ಟಿ.ಸಿ. ಸಿಗಬೇಕಾದರೆ ಹಳೇ ಕಾಲೇಜಿನಲ್ಲಿ ಎಲ್ಲರ ಸಹಿ ಬೇಕು. ಲೈಬ್ರರಿಯದಾಯಿತು, ಆಫೀಸಿನದಾಯಿತು. ಉಳಿದದ್ದು ಲ್ಯಾಬಿನ ಅಟೆಂಡರದು. ಆತ ಫಾರಂ ತೆಗೆದು ಜೇಬಿಗಿಟ್ಟುಕೊಂಡು, ಸ್ಟ್ಯಾಂಡಿಗೆ ಒಂದು ಬ್ಯುರೆಟ್ ಸಿಕ್ಕಿಸಿದ.

"ಸಹಿ ಎಲ್ಲಿಗೂ ಓಡಿಹೋಗಲ್ಲ. ಮೊದಲು ಇದಕ್ಕೆ ಮೇಲಿನ ಸೊನ್ನೆವರೆಗೆ ನೀರು ತುಂಬು."

ಚೋಟು ತುದಿಗಾಲಲ್ಲಿ ನಿಂತು, ಕತ್ತೆತ್ತಿ, ಆ ಗಾಜಿನ ಕೊಳವೆಗೆ ನೀರು ತುಂಬಿ ಗೆರೆಗೆ ಸರಿಮಾಡಿದಳು. "ಆಯ್ತು. ಸರಿಯಾಗಿ ಸೊನ್ನೇಲಿದೆ."

ಅಟೆಂಡರ್ ಬೆಂಚಿನಡಿಯಿಂದ ಕಾಲಲ್ಲೇ ಒಂದು ಸ್ಟೂಲು ಎಳೆದ. "ಈಗ ಹತ್ತಿ ನೋಡು."

ಆ ಸ್ಟೂಲಿನ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ಮೊದಲ ದಿನ ಮೇಷ್ಟರು ಮೂವತ್ತು ಜನರ ಎದುರು, "ಸ್ಟೂಲು ಬೇಕೇನಮ್ಮಾ?" ಎಂದು ಕೇಳಿದ್ದರು. ಕ್ಲಾಸೆಲ್ಲ ಕಿಸಕ್ಕೆಂದಿತ್ತು. "ಬೇಡ ಸಾರ್, ಕಾಣತ್ತೆ" ಎಂದಿದ್ದಳು. ವರ್ಷವಿಡೀ ಕಾಣುತ್ತಲೇ ಇತ್ತು, ಪಾಪ.

ಈಗ ಯಾರೂ ಇರಲಿಲ್ಲ. ಹತ್ತಿದಳು. ನೀರು ಸೊನ್ನೆಯಲ್ಲಿರಲಿಲ್ಲ, ನಾಲ್ಕು ಗೆರೆಯಷ್ಟು ಮೇಲಿತ್ತು! ಕೆಳಗಿನ ಗೆರೆಗಳು ಅವಳ ಕಣ್ಣಿನ ಮಟ್ಟಕ್ಕೇ ಇದ್ದುದರಿಂದ ಕೊನೆಯ ರೀಡಿಂಗ್ ಯಾವಾಗಲೂ ಸರಿ, ಕೆಳಗಿನಿಂದ ಕತ್ತೆತ್ತಿ ನೋಡಿದ ಮೊದಲನೆಯದು ಯಾವಾಗಲೂ ತಪ್ಪು. ಅಂದರೆ ಪ್ರತಿ ಉತ್ತರದಲ್ಲೂ ನಾಲ್ಕು ಗೆರೆ ಕಡಿಮೆ. ಅವಳಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ, ಮಾಮ?"

"ಎರಡು ಸಲ ನಿನ್ನ ಕಾಲ ಹತ್ರ ತಂದಿಟ್ಟೆ. ಎರಡು ಸಲಾನೂ ನೀನೇ ಪಕ್ಕಕ್ಕೆ ಒದ್ದೆ. ಮೂರನೇ ಸಲ ಇಡೋಕೆ ನನಗೂ ಮಾನ ಮರ್ಯಾದೆ ಬೇಡ್ವಾ?"

"ನೆಲ ಡೊಂಕು ಅಂತ ಮನೇಲಿ ಹೇಳಿಬಿಟ್ಟಿದೀನಿ."

"ಡೊಂಕೇನಿಲ್ಲ. ನಿನಗೆ ಸ್ವಲ್ಪ ತಗ್ಗು, ಅಷ್ಟೆ" ಎಂದು ಅಟೆಂಡರ್ ಸಹಿ ಹಾಕಿಕೊಟ್ಟ.

ಹೊಸ ಕಾಲೇಜಿನಲ್ಲೂ ಬೆಂಚುಗಳು ಅದೇ ಎತ್ತರ. ಮರುಪರೀಕ್ಷೆಯ ದಿನ ಮುಖಗಳು ಮಾತ್ರ ಹೊಸವು, ಮತ್ತೆ ಮೂವತ್ತು. ಇವರಿಗಿನ್ನೂ ಅವಳ ಅಡ್ಡಹೆಸರು ಗೊತ್ತಿರಲಿಲ್ಲ. ಬಾಯಿ ಬಿಟ್ಟರೆ ಗೊತ್ತಾದಂತೆಯೇ. ಚೋಟುವಿಗೆ ಸುಮ್ಮನೆ ತುದಿಗಾಲಲ್ಲಿ ನಿಂತುಬಿಡಲೇ ಎಂದೂ ಅನ್ನಿಸಿತು. ಕೊನೆಗೆ ಕೈ ಎತ್ತಿದಳು.

"ಸಾರ್, ನನಗೊಂದು ಸ್ಟೂಲು ಬೇಕು."

ನಕ್ಕರು. ನಗದೆ ಬಿಡುತ್ತಾರೆಯೇ? ಆದರೆ ಸ್ಟೂಲು ಹತ್ತಿ ನಿಂತ ಮೇಲೆ ನಕ್ಕವರ ನೆತ್ತಿಗಳೆಲ್ಲ ಕಂಡವು. ಮೇಷ್ಟರದಂತೂ ಬಟ್ಟಬಯಲು. ಚೋಟು ತುಟಿ ಕಚ್ಚಿ ನಗು ತಡೆದುಕೊಂಡು, ಬ್ಯುರೆಟ್ಟಿನ ದ್ರಾವಣವನ್ನು ಹನಿಹನಿಯಾಗಿ ಸೊನ್ನೆಗೆ ಇಳಿಸಿದಳು.

ರಿಸಲ್ಟ್ ಬಂದ ಸಂಜೆ ಅಮ್ಮ ಯಂತ್ರದಿಂದ ತಲೆಯೆತ್ತದೆ ಕೇಳಿದಳು, "ಈ ಕಾಲೇಜಿನ ನೆಲ ಹೇಗಿದ್ಯಂತೆ?"

"ಅದೇ ನೆಲ ಅಮ್ಮ. ಸ್ಟೂಲು ಕೇಳಿ ಇಸ್ಕೊಂಡೆ. ಪಾಸು."

ಅಮ್ಮನ ಕಾಲು ಪೆಡಲಿನ ಮೇಲೆ ನಿಂತಿತು. "ಎಲ್ಲರ ಮುಂದೇನಾ?"

"ಹೂಂ, ಎಲ್ಲರ ಮುಂದೆ."

ಅಮ್ಮ ಹಲ್ಲಿನಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಮಗಳನ್ನು ಹತ್ತಿರ ಕರೆದಳು.