ಹೆಣ್ಣುಮಕ್ಕಳ ಬೋಟಿನ ಗೇರು

ಹಿನ್ನೀರಿನ ನಡುವೆ ಬಂದಾಗ ಜಯಶ್ರೀಯ ಬೋಟಿನ ಇಂಜಿನ್ ಒಮ್ಮೆಲೇ ಕಿರುಚತೊಡಗಿತು. ಹಿಡಿಕೆ ತಿರುವಿದಷ್ಟೂ ಸದ್ದು ಏರಿತೇ ಹೊರತು ಬೋಟು ಮುಂದೆ ಸಾಗಲಿಲ್ಲ. ಆಚೆ ದಂಡೆಯಲ್ಲಿ ಉಳ್ಳಾಗಡ್ಡಿ ಕಿತ್ತು ಮನೆಗೆ ಹೊರಟಿದ್ದ ಹೆಂಗಸರು ಬುತ್ತಿಗಂಟು ಎದೆಗವಚಿಕೊಂಡು ಅವಳ ಮುಖ ನೋಡಿದರು. ಗಾಳಿ ಬೋಟನ್ನು ಮುಳುಗಿದ ಜಾಲಿಗಿಡಗಳ ಕಡೆ ತಳ್ಳುತ್ತಿತ್ತು.

"ಏನಾತ ಬೇ ಜಯಾ? ಸಪ್ಪಳ ಅಷ್ಟ ಬರಾಕತ್ತೈತಲ್ಲ!" ಎಂದಳು ಮುಂದೆ ಕೂತಿದ್ದ ಮುದುಕಿ ಚಂದವ್ವ.

ಜಯಶ್ರೀ ಹಿಡಿಕೆಯನ್ನು ಹಿಂದಕ್ಕೆ ತಿರುವಿ ಇಂಜಿನ್ನಿನ ವೇಗ ಇಳಿಸಿದಳು. ಆಗ ಬೋಟು ಒಂದಿಷ್ಟು ಜರುಗಿತು. ಮತ್ತೆ ಏರಿಸಿದಳು, ಮತ್ತೆ ಬರೀ ಕಿರುಚಾಟ.

"ಮೆಲ್ಲಕ ಹೋದ್ರ ನೀರು ಹಿಡೀತೈತಿ. ಗಾಬರಿ ಆಗಬ್ಯಾಡ್ರಿ," ಎಂದಳು. ಅವಳ ಕಣ್ಣು ಮಾತ್ರ ಜಾಲಿಗಿಡಗಳ ಮೇಲೇ ಇತ್ತು.

ಹಿನ್ನೀರು ಬಂದಾಗ ಊರು ಈ ದಂಡೆಯ ದಿನ್ನೆ ಏರಿತ್ತು, ಹೊಲಗಳು ಆಚೆ ಉಳಿದಿದ್ದವು. ರಸ್ತೆ ಹಿಡಿದರೆ ಬಾಗಲಕೋಟೆ ಸುತ್ತಿ ಹೋಗಬೇಕು. ಬಹಳ ಕಾಲ ಬೋಟು ಹತ್ತುವ ಈ ಘಾಟಿನಲ್ಲಿ ಇದ್ದದ್ದು ಹುಲ್ಲಪ್ಪನ ಬೋಟು ಒಂದೇ. ಅದರಲ್ಲಿ ಮೊದಲು ಮೋಟರ್‌ಸೈಕಲ್, ಆಮೇಲೆ ಮೇವು, ಆಮೇಲೆ ಗಂಡಸರು. ಹೆಂಗಸರು ಕತ್ತಲಾಗುವವರೆಗೂ ಆಚೆ ದಂಡೆಯ ಕಲ್ಲಿನ ಮೇಲೆ ಕೂತಿರಬೇಕಿತ್ತು. ಅದು ಸಾಕಾಗಿಯೇ ಮಹಿಳಾ ಸಂಘದವರು ಕಚೇರಿ ಕಚೇರಿ ಅಲೆದು, ಹಟ ಹಿಡಿದು, ಸ್ವಂತ ಬೋಟು ತಂದಿದ್ದರು. ಓಡಿಸಲು ಮುಂದೆ ಬಂದವಳು ಜಯಶ್ರೀ ಒಬ್ಬಳೇ. ಕಲಿಸಿದವನು ಹುಲ್ಲಪ್ಪನೇ. ಊರವರೆಲ್ಲ ಹೇಳಿದ ಮೇಲೆ ಅವನಿಗೆ ಇಲ್ಲ ಅನ್ನಲು ಆಗಿರಲಿಲ್ಲ.

ಈಗ ಅವನ ಬೋಟೇ ಪಕ್ಕಕ್ಕೆ ಬಂತು.

"ನಿಂತ್ಬಿಟ್ಟಿಯಲ್ಲವಾ? ತಗೋ ಹಗ್ಗ, ಕಟ್ಟು. ಎಳಕೊಂಡು ಹೋಗ್ತೇನಿ."

"ಇವರನ್ನ ಕರಕೊಂಡು ಹೋಗ್ರಿ ಕಾಕಾ. ಬೋಟ್ ನಾ ತರ್ತೇನಿ."

"ಹುಚ್ಚೀ ಏನ ನೀ? ಗಾಳಿ ಜೋರ ಐತಿ."

"ನೀವು ಬೋಟ್ ಎಳಕೊಂಡು ಹೋಗೂದನ್ನ ಊರ ಮಂದಿ ನೋಡಬೇಕಂತ ನಿಮಗ ಆಸೆ ಇರಬೌದ್ರಿ. ನನಗಿಲ್ಲ."

ಹೆಂಗಸರು ಒಬ್ಬೊಬ್ಬರಾಗಿ ಹುಲ್ಲಪ್ಪನ ಬೋಟಿಗೆ ದಾಟಿದರು. ಜಯಶ್ರೀ ಯಾರನ್ನೂ ತಡೆಯಲಿಲ್ಲ. ಚಂದವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಮುದುಕಿ ನಾ. ಈ ಬೋಟಿಂದ ಆ ಬೋಟಿಗೆ ಜಿಗ್ಯಾಕ ನನಗ ಬರೂದಿಲ್ಲ," ಎಂದಳು. ಹೊಲದ ಒಡ್ಡು ಹಾರುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲೇ ಇರಲಿಲ್ಲ.

ಇಬ್ಬರೂ ಆಮೆಯಂತೆ ತೆವಳುತ್ತಾ ದಂಡೆ ಮುಟ್ಟಿದಾಗ ಅಲ್ಲಿ ಜನ ನೆರೆದಿದ್ದರು. ಹುಲ್ಲಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಗೇರ್ ಹಾಳಾಗೇತಿ. ಇಂಜಿನ್ ಅಂದ್ರ ಹಿಟ್ಟು ನಾದಿದಂಗಲ್ಲ. ಸಂಘದವರು ಬೋಟ್ ನನ್ನ ಕೈಗೆ ಕೊಡ್ರಿ, ಎರಡೂ ನಾನ ನಡಸ್ತೇನಿ. ನಾಳೆ ಯಾರರ ಮುಳುಗಿದ್ರ ಏನ ಮಾಡ್ತೀರಿ?"

ಆ ಕೊನೆಯ ಮಾತು ಹೆಂಗಸರಿಗೂ ನಾಟಿತು. ಸಂಘದ ಅಧ್ಯಕ್ಷೆ ಶೈಲಾ ಜಯಶ್ರೀಯ ಕಣ್ಣು ತಪ್ಪಿಸಿ, "ಐತವಾರ ಸಭೆ ಮಾಡಿ ನೋಡೂಣು," ಎಂದಳು.

ಮರುದಿನ ಜಯಶ್ರೀ ಇಂಜಿನ್ನನ್ನು ಬಿಚ್ಚಿ ಟಂಟಂ ಆಟೋದಲ್ಲಿ ಹಾಕಿಕೊಂಡು ಬಾಗಲಕೋಟೆಯ ನವನಗರಕ್ಕೆ ಹೋದಳು. ಅಲ್ಲಿ ಖಲೀಲ ಪಂಪ್‌ಸೆಟ್ಟುಗಳ ಜೊತೆಗೆ ಮೀನುಗಾರರ ಬೋಟಿನ ಇಂಜಿನ್ನುಗಳನ್ನೂ ದುರಸ್ತಿ ಮಾಡುತ್ತಿದ್ದ. ಅವನು ಇಂಜಿನ್ ಮುಟ್ಟುವ ಮೊದಲು ನಡೆದದ್ದನ್ನೆಲ್ಲ ಕೇಳಿದ.

"ಮೆಲ್ಲಕ ಹೋದ್ರ ಎಳೀತೈತಿ, ಜೋರ ಕೊಟ್ರ ಇಂಜಿನ್ ಅಷ್ಟ ಓಡತೈತಿ. ಹೌದಿಲ್ಲೋ?"

"ಹೌದ್ರಿ ಅಣ್ಣಾ."

"ಹಂಗಾದ್ರ ಮೊದ್ಲು ನೀರು ತಳ್ಳೂ ಪಂಕಾ ನೋಡಬೇಕು ತಂಗಿ. ಪಂಕಾದ ನಡುವ ರಬ್ಬರ್ ಬುಷ್ ಇರ್ತೈತಿ. ಕಲ್ಲಿಗೆ ಬಡದ್ರ ಗೇರ್ ಉಳೀಲಿ ಅಂತ. ಅದು ಬಿಟ್ಟಿತಂದ್ರ ಒಳಗಿನ ಸರಳು ತಿರಗತೈತಿ, ಪಂಕಾ ತಿರಗಂಗಿಲ್ಲ."

"ಅದ ಬಿಟ್ಟೈತಂತ ಹೆಂಗ ತಿಳೀಬೇಕ್ರಿ?"

"ಒಳಗಿನ ಉಕ್ಕಿನ ರಿಂಗಿಗೂ ಹೊರಗಿನ ಪಂಕಾಕ್ಕೂ ಸೇರಿಸಿ ಒಂದು ಗೆರಿ ಎಳಿಯೂದು. ನೀರಾಗ ಜೋರ ಓಡಿಸಿ ಎತ್ತಿ ನೋಡೂದು. ಗೆರಿ ಮುರದಿದ್ರ ಜಾರೇತಿ ಅಂತ."

ಗೆರೆ ಎಳೆಯಲು ನೋಡಿದರೆ ಅಂಗಡಿಯ ಬಣ್ಣ ಒಣಗಿತ್ತು. ಜಯಶ್ರೀ ತನ್ನ ಪರ್ಸಿನಿಂದ ಕೆಂಪು ನೇಲ್ ಪಾಲಿಶ್ ತೆಗೆದು ತಾನೇ ಗೆರೆ ಎಳೆದಳು. ಖಲೀಲ ನಗುತ್ತ ಅಂಗಡಿ ಬಾಗಿಲು ಎಳೆದು ಅವಳ ಜೊತೆ ಘಾಟಿಗೆ ಬಂದ.

ಬೋಟು ಒಂದು ಸುತ್ತು ಹಾಕಿತು. ಇಂಜಿನ್ ಎತ್ತಿ ನೋಡಿದರೆ ಕೆಂಪು ಗೆರೆ ಎರಡಾಗಿತ್ತು. ಅರ್ಧ ಮೇಲೆ, ಅರ್ಧ ಪಕ್ಕಕ್ಕೆ. ಜಯಶ್ರೀಗೆ ಕುಣಿಯಬೇಕೆನಿಸಿತು. ಖಲೀಲ ತಂದಿದ್ದ ಬೇರೆ ಪಂಕಾ ಹಾಕಿ ಮತ್ತೆ ಹೊರಟರು. ಈ ಸಲ ಬೋಟು ಮೂಗೆತ್ತಿ ನುಗ್ಗಿತು. ಆದರೆ ಜೋರು ಹಿಡಿಯುತ್ತಿದ್ದಂತೆ ಕೆಳಗೆ ಧಡ್ ಎಂದು ಬಡಿದ ಸದ್ದು. ಬೋಟು ನಿಂತು, ಜಗ್ಗಿ, ಮತ್ತೆ ನಿಂತಿತು.

"ಇದು ಬ್ಯಾರೆ ರೋಗ. ಪಂಕಾ ಜಾರತಿತ್ತಲ್ಲ, ಅದಕ್ಕ ಇದು ಮುಚ್ಚಿತ್ತು. ಗೇರ್ ಹಾರಾಕತ್ತೈತಿ," ಎಂದ ಖಲೀಲ.

ದಂಡೆಯ ಮೇಲಿದ್ದ ಹುಲ್ಲಪ್ಪ ಆ ಸದ್ದು ಕೇಳಿಸಿಕೊಂಡಿದ್ದ. ಬೀಡಿ ಹಚ್ಚಿದ.

ಇಂಜಿನ್ನನ್ನು ಮತ್ತೆ ಅಂಗಡಿಗೆ ಒಯ್ದು ಗೇರಿನ ಡಬ್ಬಿಯ ತಿರುಪು ಬಿಚ್ಚಿದಾಗ ಜೇನಿನಂತೆ ಇಳಿಯಬೇಕಾದ ಎಣ್ಣೆ ಹಾಲು ಹಾಕಿದ ಚಹಾದಂತೆ ಸುರಿಯಿತು. ನೀರು ಒಳಗೆ ಹೋಗಿತ್ತು. ಪಂಕಾದ ಹಿಂದೆ ಮೀನುಬಲೆಯ ನೈಲಾನ್ ದಾರ ಸುತ್ತಿಕೊಂಡು, ನೀರು ತಡೆಯುವ ಸೀಲನ್ನು ಕತ್ತರಿಸಿತ್ತು. ಡಬ್ಬಿ ಬಿಚ್ಚಿ ಖಲೀಲ ಒಂದು ಉಕ್ಕಿನ ಬಿಲ್ಲೆಯನ್ನು ಅವಳ ಅಂಗೈಗೆ ಹಾಕಿದ. ಗೇರನ್ನು ಹಿಡಿಯಬೇಕಾದ ಅದರ ಹಲ್ಲುಗಳ ಮೂಲೆಗಳು ಸವೆದು ಗುಂಡಗಾಗಿದ್ದವು.

"ಗೇರ್ ಹೆಂಗ ಹಾಕ್ತಿ?"

ಅವಳು ಗಾಳಿಯಲ್ಲೇ ಕೈಯಾಡಿಸಿ, ಮೆಲ್ಲಗೆ, ಸವರಿದಂತೆ ಹಾಕಿ ತೋರಿಸಿದಳು.

"ಹಂಗ ಹಾಕಿದ್ರ ಹಲ್ಲು ಕೂಡೂ ಮೊದ್ಲ ಒಂದಕ್ಕೊಂದು ತಿಕ್ಕತಾವು. ಯಾರ ಕಲಿಸಿದ್ರು?"

"ಹುಲ್ಲಪ್ಪ ಕಾಕಾ. 'ಹೆಣ್ಮಗಳು ನೀ, ಸಾವಕಾಶ ಹಾಕವಾ' ಅಂದಿದ್ರು."

"ಇಂಜಿನ್ ಸ್ಪೀಡ್ ಪೂರಾ ಇಳಿಸು, ಆಮ್ಯಾಲೆ ಒಂದ ಏಟಿಗೆ ಖಟ್ ಅಂತ ಹಾಕು. ಅಂಜಬ್ಯಾಡ, ಅದು ಉಕ್ಕು."

ಐತವಾರ ಸಮುದಾಯ ಭವನದಲ್ಲಿ ಸಂಘದ ಹೆಂಗಸರೆಲ್ಲ ಸೇರಿದ್ದರು. ಹುಲ್ಲಪ್ಪನೂ ಬಂದಿದ್ದ.

"ಗೇರ್ ಹೋಗೇತಿ ಅಂತ ನಾ ಅವತ್ತ ಹೇಳ್ಲಿಲ್ಲೇನು?" ಎಂದು ಅವನೇ ಶುರು ಮಾಡಿದ.

ಜಯಶ್ರೀ ಎದ್ದು ನಿಂತಳು. "ಹೇಳಿದ್ರಿ ಕಾಕಾ, ಖರೆ. ಗೇರೂ ಹೋಗೇತಿ, ಪಂಕಾನೂ ಹೋಗೇತಿ. ಆದ್ರ ಬೋಟ್ ಮಾತ್ರ ನಿಮ್ಮ ಕೈಗೆ ಹೋಗಂಗಿಲ್ಲ."

ಸವೆದ ಬಿಲ್ಲೆಯನ್ನು ಶೈಲಾಳ ಮುಂದಿಟ್ಟಳು. "ಇದು ಸವದಿದ್ದು ನನ್ನ ಕೈಲೇ. ಯಾರ ಕಲಿಸಿದ್ರು ಅನ್ನೂದು ಬ್ಯಾರೆ ಮಾತು. ಕಲಿಸಿದ್ದನ್ನ ವಿಚಾರ ಮಾಡದ ಮಾಡಿದಾಕಿ ನಾನು. ಈಗ ಎಲ್ಲಿ ಕೆಟ್ಟೈತಿ, ಯಾಕ ಕೆಟ್ಟೈತಿ ಅಂತ ಬಿಚ್ಚಿ ನೋಡೇನಿ. ಖಲೀಲಣ್ಣ ಹೊಸ ಬಿಲ್ಲೆ, ಸೀಲು ಹಾಕ್ಯಾನ. ಎಣ್ಣಿ ನಾನ ಹಾಕೇನಿ."

"ಮತ್ತ ನಡು ನೀರಾಗ ನಿಂತ್ರ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಿಂತ್ರ ಮತ್ತ ಬಿಚ್ಚತೇನಿ. ಕಾಕಾನ ಬೋಟ್ ಎಂದೂ ನಿಂತಿಲ್ಲೇನ್ರಿ? ಅವರ ಬೋಟ್ ನಿಂತಾಗ ಗಾಳಿ ಕೆಟ್ಟೈತಿ, ನೀರು ಕೆಟ್ಟೈತಿ ಅಂತೀರಿ. ನಮ್ಮದು ನಿಂತ್ರ ಹೆಣ್ಣು ಕೆಟ್ಟೈತಿ ಅಂತೀರಿ. ಯಾಕ?"

ಹುಲ್ಲಪ್ಪ ಶೈಲಾಳತ್ತ ತಿರುಗಿದ. "ನೀನು ಅಧ್ಯಕ್ಷೆ ಇದ್ದಿ. ನೀ ಹೇಳವಾ."

ಶೈಲಾ ಬಿಲ್ಲೆಯನ್ನು ಎತ್ತಿ, ಅದರ ಗುಂಡಗಾದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. "ಬೋಟ್ ಕೇಳಾಕ ನಾವು ಅಲೆಯೂ ಮುಂದ ಯಾರೂ ಜೋಡಿ ಬರಲಿಲ್ಲ ಕಾಕಾ," ಎಂದಳು ಕೊನೆಗೆ. "ಜಯಾನ ನಡಸ್ತಾಳ. ಇನ್ನೊಬ್ಬಾಕಿಗೂ ಕಲಿಸಬೇಕು, ಅದು ನನ್ನ ಷರತ್ತು."

ಹುಲ್ಲಪ್ಪ ಟವಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಸೋಮವಾರ ಮುಂಜಾನೆ ಅರ್ಧದಷ್ಟು ಹೆಂಗಸರು ಅವನ ಬೋಟನ್ನೇ ಹತ್ತಿದರು. ಹೆದರಿಕೆ ಒಂದೇ ಸಭೆಯಿಂದ ಹೋಗುವಂಥದ್ದಲ್ಲ. ಜಯಶ್ರೀಗೆ ನೋವಾಯಿತು, ಆದರೆ ಅವಳು ಕಾಯಲಿಲ್ಲ. ಹುಲ್ಲಪ್ಪನ ಬೋಟಿಗೆ ಇನ್ನೂ ಮೋಟರ್‌ಸೈಕಲ್ ಏರಿಸುತ್ತಿದ್ದರು. ಅವಳು ಚಂದವ್ವನ ಮೊಮ್ಮಗಳು ರಮಾಬಾಯಿಯನ್ನು ಹಿಡಿಕೆಯ ಪಕ್ಕ ಕೂರಿಸಿಕೊಂಡಳು.

"ನೋಡು, ಮೊದ್ಲು ಇಂಜಿನ್ ಪೂರಾ ಇಳಿಸೂದು. ಈಗ ಹಾಕು ಗೇರ್."

ರಮಾಬಾಯಿ ಹಿಂಜರಿದಳು. "ಜೋರ ಹಾಕಿದ್ರ ಮುರದ್ರ?"

"ಮುರಿಯಂಗಿಲ್ಲ. ಹಾಕು."

ಗೇರು ಖಟ್ ಎಂದು ಕೂತಿತು, ಬೋಟು ಘಾಟು ಬಿಟ್ಟಿತು. ಆಚೆ ದಂಡೆಯಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ.