ಧಣಿಗಳ ಇಂಜಿನ್ನು

ಹುಲಿಕುಂಟೆಗೆ ಪ್ರಸನ್ನ ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಮುಖಕ್ಕಾಗಿ. ಅವನೊಬ್ಬನೇ ಹೋಗಿದ್ದರೆ ಆ ಊರಿನ ಈಶ್ವರಮ್ಮ ಕೂರಿಸಿ ಕಾಫಿ ಕೊಟ್ಟು, ಮಗನನ್ನು ಕೇಳಿ ಹೇಳುತ್ತೇನೆ ಎಂದು ಕಳಿಸಿಬಿಡುತ್ತಿದ್ದರು. ನಾನು ಜೊತೆಗಿದ್ದರೆ ಇಲ್ಲ ಎನ್ನುವುದಿಲ್ಲ. ಇದು ನನ್ನ ತಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ತಂದೆ ವೆಂಕಟರಾಮಯ್ಯನವರಿಗೆ ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲಿತ್ತು. ತನ್ನ ದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಗಣಿ ಎಂಜಿನಿಯರನೊಬ್ಬನಿಂದ ಅವರು ಒಂದು ರೇಸಿನ ಕಾರು ಕೊಂಡಿದ್ದರು. ಎರಡೇ ಸೀಟು, ಮೇಲೆ ಸೂರಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಪುರವರದ ರಸ್ತೆಯ ಕಲ್ಲುಗಳಿಗೆ ಬಡಿದು ಬಡಿದು ಅಪ್ಪನಿಗೆ ಅದರ ಮೋಹ ಹರಿಯಿತು. ಮಿಲ್ಲಿನ ಲಾರಿ ಓಡಿಸುತ್ತಿದ್ದ ಸಿದ್ದಗಂಗಯ್ಯ ತನ್ನೂರು ಹುಲಿಕುಂಟೆಯಲ್ಲಿ ಬಾವಿ ತೋಡಿಸಿದಾಗ, ಕಾರಿನ ಇಂಜಿನ್ನು ಬಿಚ್ಚಿಸಿ, ಪಂಪಿಗೆ ಕಟ್ಟಿ ನೀರೆತ್ತಿಕೋ ಎಂದು ಕೊಟ್ಟುಬಿಟ್ಟರು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಸೀಮೆಎಣ್ಣೆಯಲ್ಲಿ ಓಡಿಸಿ, ಸಿದ್ದಗಂಗಯ್ಯ ತೋಟ ಎಬ್ಬಿಸಿದ. ಕರೆಂಟಿನ ಮೋಟಾರು ಬಂದಮೇಲೆ ಇಂಜಿನ್ನು ಕುರಿಕೊಟ್ಟಿಗೆಯ ಮೂಲೆ ಸೇರಿತು. ಕಾರಿನ ಮೈ ನಮ್ಮ ಗೋದಾಮಿನಲ್ಲಿ ಗೋಣಿಚೀಲಗಳ ಕೆಳಗೆ ಉಳಿಯಿತು.

ಕೊಟ್ಟುಬಿಟ್ಟರು ಎಂದೇ ಬರೆದಿದ್ದೇನೆ. ಅಪ್ಪ ಹಾಗೆಯೇ ಹೇಳುತ್ತಿದ್ದರು.

ಈಚೆಗೆ ಪ್ರಸನ್ನ ಯಾರಿಗೋ ಆ ಮೈಯ ಫೋಟೊ ಕಳಿಸಿ, ಅದು ಕೈಯಿಂದ ಕೈಗೆ ಹೋಗಿ, ಮುಂಬೈಯ ಹರಾಜು ಕಂಪನಿಯವರೊಬ್ಬರು ಮಧುಗಿರಿಗೇ ಬಂದರು. ಬಿಳಿ ಅಂಗಿ ಹಾಕಿಕೊಂಡೇ ಕಾರಿನಡಿ ಮಲಗಿ ಅಲ್ಲಿ ಕೊರೆದಿದ್ದ ನಂಬರು ನೋಡಿದರು. ಎದ್ದು ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಇಂಥವು ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ, ಆದರೆ ಹುಟ್ಟಿದಾಗಿನ ಇಂಜಿನ್ನೇ ಇದ್ದರೆ ಮಾತ್ರ ಅದಕ್ಕೆ ದಾಖಲೆಯ ಬೆಲೆ, ಇಲ್ಲದಿದ್ದರೆ ಇದು ಚಂದದ ತಗಡು ಎಂದರು. ಆವತ್ತಿನಿಂದ ಪ್ರಸನ್ನನಿಗೆ ನಿದ್ದೆಯಿಲ್ಲ.

ಹುಲಿಕುಂಟೆಗೆ ಹೊರಟಾಗ ಶಿರಾ ದಾಟುವವರೆಗೂ ಅವನು ಅಲ್ಲಿ ಏನು ಹೇಳಬೇಕೆಂದು ಹೇಳಿಕೊಟ್ಟ. ಅಪ್ಪನ ನೆನಪಿಗೆ ಮನೆಯ ಮುಂದೆ ಇಡಲು ಬೇಕು ಎನ್ನುವುದು, ಅಷ್ಟೇ. ನಿಜವನ್ನೇ ಹೇಳಿ ಅವರಿಗೂ ಒಂದು ಪಾಲು ಕೊಡೋಣ ಎಂದೆ. ಪಾಲು ಎಂದ ಕೂಡಲೇ ವಕೀಲರು ಬರುತ್ತಾರೆ, ಹರಾಜಿನ ತಾರೀಖು ಕಾಯುವುದಿಲ್ಲ ಎಂದ. ಆಮೇಲೆ ಮೆತ್ತಗಾಗಿ, "ಅಕ್ಕಾ, ನೀನೇನೂ ಸುಳ್ಳು ಹೇಳಬೇಡ. ಸುಮ್ಮನೆ ಕೂತಿದ್ದರೆ ಸಾಕು" ಎಂದ.

ಸುಮ್ಮನೆ ಕೂರುವುದು ಕಷ್ಟವಲ್ಲ ಅಂದುಕೊಂಡೆ.

ಈಶ್ವರಮ್ಮ ಸಿದ್ದಗಂಗಯ್ಯನ ಹೆಂಡತಿ. ಅವನು ತೀರಿಕೊಂಡಮೇಲೆ ಮಗ ರಂಗರಾಜುವಿನ ಜೊತೆ ಅದೇ ತೋಟದಲ್ಲಿದ್ದಾರೆ. ನಾನು ಕಾರಿನಿಂದ ಇಳಿದ ರೀತಿಯಲ್ಲೇ ನನ್ನ ಮಂಡಿನೋವನ್ನು ಕಂಡುಕೊಂಡು, ಏನೂ ಕೇಳದೆ ಕುರ್ಚಿ ತಂದು, ಕಾಲಿಡಲು ಒಂದು ಮಣೆಯನ್ನು ಸರಿಸಿದರು. ಅದರ ಮೇಲೆ ಕಂಬಳಿಯ ಚೂರನ್ನೂ ಹಾಸಿದರು.

ಪ್ರಸನ್ನ ಹೇಳಬೇಕಾದದ್ದನ್ನು ಚೆನ್ನಾಗಿಯೇ ಹೇಳಿದ. ಅಪ್ಪನ ಹೆಸರು ಬಂದಾಗ ಎದ್ದು ನಿಂತು ಕೈ ಕೂಡ ಮುಗಿದ. ರಂಗರಾಜು ಕುರಿಮರಿಯೊಂದರ ಕಾಲಿಗೆ ಔಷಧಿ ಹಚ್ಚುತ್ತಿದ್ದವನು ತಲೆಯೆತ್ತದೆ ಕೇಳಿದ.

"ಅಲ್ಲ ಸಾ, ಇಷ್ಟು ವರ್ಸ ಬ್ಯಾಡ್ದೆ ಇದ್ದದ್ದು ಈಗ್ಯಾಕೆ ಬೇಕಾತು? ಶಿರಾದ ಗುಜರಿ ಸಾಬ್ರು ಎಷ್ಟು ಸಲ ಕೇಳಿದ್ರೂ ನಾವು ಕೊಡ್ಲಿಲ್ಲ. ನಮ್ಮಪ್ಪ ತೋಟ ಮಾಡಿದ್ದು ಇದ್ರಾಗೆ."

"ಲೇ, ಧಣಿಗಳ ಇಂಜಿನ್ನು, ಧಣಿಗಳ ಇಂಜಿನ್ನು ಅಂತ ಹುಟ್ಟಿದಾಗ್ನಿಂದ ನೀನೇ ಕೂಗ್ತಿದ್ದೆ ಕಣ್ಲಾ. ಈಗ ಧಣಿಗಳು ಬಂದು ಕೇಳಿದ್ರೆ ಮಕ ಊದಿಸ್ಕಂತೀಯ?" ಎಂದು ಈಶ್ವರಮ್ಮ ಗದರಿದರು.

ಹೌದು, ಅವರ ಮನೆಯಲ್ಲಿ ಅದನ್ನು ಎಂದೂ ನಮ್ಮ ಇಂಜಿನ್ನು ಅನ್ನಲಿಲ್ಲ. ಕೊಟ್ಟವರ ಹೆಸರಿನಲ್ಲಿ ಕರೆಯುವುದು ಅವರ ಮರ್ಯಾದೆ. ಪ್ರಸನ್ನ ನನ್ನ ಕಡೆ ನೋಡಿದ, ಕೇಳಿದೆಯಾ ಎಂಬಂತೆ.

ಆಮೇಲೆ ಈಶ್ವರಮ್ಮ ನನ್ನ ಕಡೆ ತಿರುಗಿದರು. "ನೀವೇಳಿ ಗಂಗಮ್ಮೋರೆ. ನಿಮ್ಮಪ್ಪೋರ ಗ್ಯಾಪ್ಕಕ್ಕೇನಾ?"

ಸುಮ್ಮನೆ ಕೂತದ್ದು ಸಾಕಾಗಲಿಲ್ಲ. ಹೌದೆಂದು ನಾನು ತಲೆಯಾಡಿಸಿದೆ.

ಅಷ್ಟಕ್ಕೇ ಎಲ್ಲ ಮುಗಿಯಿತು. ರಂಗರಾಜು ಎದ್ದು ಅಕ್ಕಪಕ್ಕದವರನ್ನು ಕರೆತಂದ. ಇಂಜಿನ್ನಿನ ಮೇಲೆ ಎಷ್ಟೋ ಆಯುಧಪೂಜೆಗಳ ಅರಿಶಿನ ಕುಂಕುಮ ಹೆಪ್ಪುಗಟ್ಟಿ ನಂಬರನ್ನೇ ಮುಚ್ಚಿತ್ತು. ಈಶ್ವರಮ್ಮ ಅದಕ್ಕೆ ಇನ್ನೊಂದು ಬೊಟ್ಟಿಟ್ಟು ಕಾಯಿ ಒಡೆದರು. ಪ್ರಸನ್ನ ಗೊತ್ತು ಮಾಡಿದ್ದ ಗೂಡ್ಸ್ ಆಟೋದಲ್ಲಿ ಕುಲುಕಿ ಪೆಟ್ಟಾಗದಿರಲಿ ಎಂದು ರಂಗರಾಜು, ಕೊಡಲು ಮನಸ್ಸಿಲ್ಲದ ಆ ರಂಗರಾಜುವೇ, ಹುಲ್ಲು ತುಂಬಿದ ಚೀಲಗಳನ್ನು ಸುತ್ತಲೂ ಒತ್ತಿ ಇಟ್ಟ. ಹೊರಡುವಾಗ ಈಶ್ವರಮ್ಮ ಹಿತ್ತಾಳೆಯ ತಂಬಿಗೆಯ ತುಂಬ ಬೆಲ್ಲ, ಹುರಿದ ಕಡಲೆಕಾಯಿ ತುಂಬಿ ನನ್ನ ಕೈಗಿಟ್ಟರು.

"ಇಷ್ಟು ಕಾಲ ಇಟ್ಕಂಡಿದ್ದ ವಸ್ತು. ಬರಿದೇ ಕೊಡಬಾರ್ದು."

ಹಿಂದಿರುಗುವಾಗ ಪ್ರಸನ್ನ ಹಾಡು ಹಾಕಿದ. ತಂಬಿಗೆ ನನ್ನ ತೊಡೆಯ ಮೇಲಿತ್ತು. ಅವನು ಅದರಿಂದ ಕಡಲೆಕಾಯಿ ತೆಗೆದುಕೊಂಡು ತಿಂದ. ನಾನು ತಿನ್ನಲಿಲ್ಲ, ಆದರೆ ಬೇಡ ಎಂದು ಅವನ ಕೈ ಹಿಡಿಯಲೂ ಇಲ್ಲ.

ಕಾರು ಬಿಕರಿಯಾದ ದಿನ ನಮ್ಮ ನಡುಮನೆಯಲ್ಲಿ ಬೀದಿಯವರೆಲ್ಲ ಸೇರಿದ್ದರು. ಟಿ.ವಿ.ಗೆ ಮೊಬೈಲು ಜೋಡಿಸಿ ಹರಾಜು ನೋಡಿದೆವು. ಉಜ್ಜಿ ಬಣ್ಣ ಬಳಿದ ಕಾರು ದೀಪಗಳ ನಡುವೆ ತಿರುಗುತ್ತಿತ್ತು. ಮುಂದಿನ ಮುಚ್ಚಳ ತೆರೆದು ಇಂಜಿನ್ನನ್ನೂ ತೋರಿಸಿದರು. ಕನ್ನಡಿಯಂತೆ ಹೊಳೆಯುತ್ತಿತ್ತು, ಒಂದು ಚಿಟಿಕೆ ಕುಂಕುಮವೂ ಉಳಿದಿರಲಿಲ್ಲ. ಇಂಥ ಕಾರಿಗೆ ಈವರೆಗೆ ಯಾರೂ ಇಷ್ಟು ಕೊಟ್ಟಿಲ್ಲ ಎಂದು ಹರಾಜಿನವರು ಸುತ್ತಿಗೆ ಕುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗಳೂ ತಟ್ಟಿದವು. ಅದು ನೆನಪಾದಾಗಲೆಲ್ಲ ಈಗಲೂ ಕೈಗಳನ್ನು ಸೆರಗಿನಲ್ಲಿ ಅಡಗಿಸಿಕೊಳ್ಳುತ್ತೇನೆ.

ಮರುದಿನ ಪತ್ರಿಕೆಯಲ್ಲಿ ಪ್ರಸನ್ನನ ಫೋಟೊ ಬಂತು. ಈಶ್ವರಮ್ಮನಿಗೆ ಏನಾದರೂ ಕೊಡೋಣ ಎಂದು ಮತ್ತೆ ಕೇಳಿದೆ. "ಧಣಿಗಳ ಇಂಜಿನ್ನು ಅಂತ ಅವರ ಬಾಯಲ್ಲೇ ಬಂತಲ್ಲ ಅಕ್ಕಾ" ಎಂದ. ಆ ಮಾತು ಕೇಳಿ ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಏಕೆಂದರೆ ಆವತ್ತು ಅಂಗಳದಲ್ಲಿ ನಾನೂ ಆ ಮಾತನ್ನು ಆಧಾರ ಮಾಡಿಕೊಂಡೇ ತಲೆಯಾಡಿಸಿದ್ದೆ.

ನನ್ನ ಪಾಲು ಬ್ಯಾಂಕಿಗೆ ಬಂದಮೇಲೆ ಈಶ್ವರಮ್ಮನ ಹೆಸರಿಗೆ ಚೆಕ್ಕು ಬರೆದೆ. ಪೂರ್ತಿ ಬರೆಯಲು ಕೂತವಳು, ಮಂಡಿಯ ಆಪರೇಷನ್ನಿಗೆ ಇರಲಿ ಎಂದು ಅರ್ಧ ಉಳಿಸಿಕೊಂಡೆ. ತಂಬಿಗೆಯನ್ನು ಹುಣಿಸೆಹಣ್ಣಿನಲ್ಲಿ ಬೆಳಗಿ, ಅಕ್ಕಿ ತುಂಬಿ, ಚೆಕ್ಕನ್ನು ಅದರಲ್ಲಿ ಹುದುಗಿಸಿ, ಪ್ರಸನ್ನನಿಗೆ ಹೇಳದೆ ಶಿರಾ ಬಸ್ಸು ಹತ್ತಿದೆ.

ಈಶ್ವರಮ್ಮ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ಬನ್ನಿ ಎಂದರು, ನಗಲಿಲ್ಲ. ಕುರ್ಚಿ ಬಂತು, ಮಣೆಯೂ ಬಂತು, ಅದರ ಮೇಲೆ ಕಂಬಳಿಯ ಚೂರೂ ಬಂತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪತ್ರಿಕೆಯಲ್ಲಿ ಬಂದದ್ದು ಅವರಿಗೆ ತಲುಪಿತ್ತು. ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡಾಗ ಚೆಕ್ಕು ಸಿಕ್ಕಿತು. ಓದಲು ಬರದಿದ್ದರೂ ಅದೇನೆಂದು ಅವರಿಗೆ ಗೊತ್ತಾಯಿತು. ಒಂದೊಂದೇ ಅಕ್ಕಿಕಾಳನ್ನು ಅದರಿಂದ ಕೊಡವಿದರು.

"ನಿಜ ಏಳಿದ್ರೂ ಕೊಡ್ತಿದ್ದೆ ಗಂಗಮ್ಮೋರೆ. ನಿಮ್ಮಪ್ಪೋರು ನಮಗೆ ನೀರು ಕೊಟ್ಟೋರು. ರಂಗನಿಗೆ ಅನುಮಾನ ಬಂದಿತ್ತು. ನಾನು ನಿಮ್ಮನ್ನ ಕೇಳಿದ್ದೇ ಅದಕ್ಕೆ."

ಅವರು ಚೆಕ್ಕನ್ನು ಮಡಿಸಿ ನನ್ನ ಅಂಗೈಯಲ್ಲಿ ವಾಪಸ್ಸಿಟ್ಟರು.

"ಅಕ್ಕಿಯಾಗೆ ಬಚ್ಚಿಟ್ಟು ಕೊಡಬ್ಯಾಡಿ. ಆವತ್ತು ನಿಮ್ಮ ಮಾತು ನಂಬ್ಕಂಡು ಮಗನ ಬಾಯಿ ಮುಚ್ಚಿಸ್ಬುಟ್ಟೆ. ಅವನು ಬರ್ಲಿ. ಏನಕ್ಕೆ ಅಂತ ಬಾಯಿಬಿಟ್ಟು ಏಳಿ, ಅವನ ಕೈಗೇ ಕೊಡಿ."

ಮತ್ತೆ ಕಡಲೆಕಾಯಿ ಬಿಡಿಸಲು ಕೂತರು. ಸ್ವಲ್ಪ ಹೊತ್ತಿಗೆ ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ. ಅವರು ಬೇಡ ಎನ್ನಲಿಲ್ಲ. ಮಧ್ಯಾಹ್ನದ ಬಸ್ಸು ಹೋಯಿತು.

ಕುರಿಗಳ ಹಿಂದೆ ರಂಗರಾಜು ಬಂದಾಗ ನಾನು ಕುರ್ಚಿಯ ಕೈ ಹಿಡಿದು ಎದ್ದು ನಿಂತೆ. ಇಂಜಿನ್ನು ಅಪ್ಪನ ನೆನಪಿಗಲ್ಲ, ಹರಾಜಿಗೆ ಎಂದು ಗೊತ್ತಿದ್ದೇ ತಲೆಯಾಡಿಸಿದೆ ಎಂದು ಹೇಳಿದೆ. ಈ ಹಣ ನನ್ನ ಪಾಲಿನಲ್ಲಿ ಅರ್ಧ ಮಾತ್ರ, ಅದನ್ನೂ ಅಳೆದು ತಂದಿದ್ದೇನೆ ಎಂದೂ ಹೇಳಿದೆ.

ಅವನು ನನ್ನನ್ನು ನೋಡಿದ. "ಗೊತ್ತಿತ್ತು ಕಣಮ್ಮ. ತಲೆ ಆಡಿಸ್ವಾಗ ನೀವು ನೆಲ ನೋಡ್ತಿದ್ರಿ."

ಚೆಕ್ಕು ಹಿಡಿದು ಕೈ ಚಾಚಿದೆ. ಕುರಿಗಳನ್ನು ಕೂಡಿಹಾಕಿ ಬರುತ್ತೇನೆ ಎಂದು ಅವನು ಕೊಟ್ಟಿಗೆಗೆ ಹೋದ. ಇಂಜಿನ್ನು ಇದ್ದ ಮೂಲೆಯಲ್ಲಿ ಈಗ ಮರಿಗಳನ್ನು ಬಿಡುತ್ತಿದ್ದರು. ಈಶ್ವರಮ್ಮ ಕೂತುಕೊಳ್ಳಿ, ಕಾಲು ನೋಯುತ್ತದೆ ಎಂದರು. ಅವನು ಬಂದು ತೆಗೆದುಕೊಳ್ಳುವವರೆಗೆ ನಿಂತೇ ಇರುತ್ತೇನೆ ಎಂದೆ. ಚಾಚಿದ ಕೈಯನ್ನು ಕೆಳಗಿಳಿಸಲಿಲ್ಲ.