ಗೊಸ್ಪೋಜಾಳ ಎಡಗಣ್ಣು

ಮಿಲಿಸಾವ್ ತನ್ನ ಹೆಬ್ಬಾವಿಗೆ ಗೊಸ್ಪೋಜಾ ಎಂದು ಹೆಸರಿಟ್ಟಿದ್ದ. ಶ್ರೀಮತಿಯವರೇ ಎಂದು ಮರ್ಯಾದೆಯಿಂದ ಕರೆದ ಹಾಗೆ. ಹೆಂಡತಿ ಯಾಗೊದಾಳನ್ನು ಮಾತ್ರ ಮೂವತ್ತೊಂದು ವರ್ಷದಿಂದ "ಏ, ಇಲ್ಲಿ ನೋಡು" ಎಂದೇ ಕರೆಯುತ್ತಿದ್ದ.

ಜನವರಿಯ ಒಂದು ಸೋಮವಾರ ಬ್ರೆಡ್ ತರಲು ಇಳಿದವನು ಕಟ್ಟಡದ ಬಾಗಿಲಲ್ಲೇ ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಆಸ್ಪತ್ರೆಯಿಂದ ಮಾಡಿದ ಮೊದಲ ಫೋನಿನಲ್ಲಿ ಅವನು ಕೇಳಿದ್ದು ಒಂದೇ.

"ಅವಳ ಕಣ್ಣು ಬೆಳ್ಳಗಾಗಿದೆಯಾ?"

ಯಾಗೊದಾ ಹೋಗಿ ಗಾಜಿನ ಪೆಟ್ಟಿಗೆಯೊಳಗೆ ಇಣುಕಿದಳು. ಮೈಬಣ್ಣ ಮಾಸಿತ್ತು, ಕಣ್ಣಿಗೆ ಹಾಲು ಹೊಯ್ದ ಹಾಗಿತ್ತು. ಆಗಿದೆ ಎಂದಳು. ಅಲ್ಲಿಂದ ಶುರುವಾದ ಅವನ ಪಾಠ ನರ್ಸು ಬಂದು ಗದರುವವರೆಗೂ ನಿಲ್ಲಲಿಲ್ಲ. ಯಾಗೊದಾ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಎಲ್ಲ ಗೀಚಿಕೊಂಡಳು. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಪಾಚಿ ಹಾಸಿಡಬೇಕು, ಅದು ಒಣಗಲೇಬಾರದು. ಪೊರೆ ಬಿಡುವ ತನಕ ಹಾವನ್ನು ಎತ್ತಬಾರದು. ಬಾಲದ ತುದಿಯಲ್ಲಿ ಪೊರೆ ಉಂಗುರದಂತೆ ಉಳಿದುಬಿಟ್ಟರೆ ರಕ್ತ ನಿಂತು ತುದಿ ಸಾಯುತ್ತದೆ. ಕಣ್ಣಿನ ಮೇಲೆ ಉಳಿದದ್ದನ್ನಂತೂ ಏನೇ ಆದರೂ ಎಳೆಯಬಾರದು, ಕುರುಡಾಗುತ್ತದೆ.

"ಅವಸರ ಮಾಡ್ಬೇಡ," ಎಂದ ಕೊನೆಗೆ. "ಈ ಹೊತ್ತಲ್ಲಿ ಅವಳಿಗೆ ಸರಿಯಾಗಿ ಕಾಣಲ್ಲ, ಪಾಪ, ಹೆದರ್ಕೊಂಡಿರ್ತಾಳೆ. ಯಾರಾದ್ರೂ ಹತ್ರ ಇರ್ಬೇಕು."

ಈ ಗಂಡಸಿನ ಬಾಯಲ್ಲಿ ಪಾಪ ಎಂಬ ಮಾತೂ ಇದೆಯೆಂದು ಯಾಗೊದಾಳಿಗೆ ಗೊತ್ತೇ ಇರಲಿಲ್ಲ. ಆರು ವರ್ಷದ ಹಿಂದೆ ಅವಳ ಎಡ ಮೊಲೆ ತೆಗೆದಾಗ ಅದೇ ಆಸ್ಪತ್ರೆಗೆ ಅವನು ಒಂದೇ ಸಲ ಬಂದಿದ್ದ. ಕೋಟು ಬಿಚ್ಚದೆ ನಿಂತು, ಬಸ್ಸು ವಿಪರೀತ ರಶ್ಶು ಎಂದು ಹೇಳಿ, ಹತ್ತು ನಿಮಿಷಕ್ಕೆ ಹೊರಟಿದ್ದ. ಹೆಬ್ಬಾವು ಮನೆಗೆ ಬಂದದ್ದೂ ಅದೇ ವರ್ಷ.

ಆದರೂ ಈ ಕೆಲಸವನ್ನು ಒಂಚೂರೂ ಕೆಡದ ಹಾಗೆ ಮಾಡಿಬಿಟ್ಟರೆ, ಒಂದು ಸಲ ತನ್ನ ಹೆಸರು ಹಿಡಿದು ಒಳ್ಳೆಯ ಮಾತು ಆಡಿಯಾನು ಎಂಬ ಆಸೆ ಅವಳಲ್ಲಿ ಹುಟ್ಟಿತು. ಹುಟ್ಟಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟೂ ಬಂತು.

ನಿಶ್ ಊರಿನ ಆ ಕಟ್ಟಡಗಳಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಬಿಸಿನೀರನ್ನು ಕೊಳವೆಗೆ ಬಿಟ್ಟರೆಂದರೆ ಮುಗಿಯಿತು, ಕಾವು ಕಡಿಮೆ ಮಾಡಲು ಮನೆಯಲ್ಲಿ ತಿರುಪು ಇರುವುದಿಲ್ಲ. ಕಿಟಕಿ ತೆರೆದರೆ ಅಡ್ಡಗಾಳಿ ಹೊಡೆದು ಕುತ್ತಿಗೆ ಹಿಡಿಯುತ್ತದೆ. ಬೆಳಿಗ್ಗೆ ನೆನೆಸಿದ ಪಾಚಿ ಮಧ್ಯಾಹ್ನಕ್ಕೆ ಒಣಹುಲ್ಲು. ಮೂರು ದಿನ ಯಾಗೊದಾ ಬಿಡದೆ ನೀರು ಚಿಮುಕಿಸಿದಳು. ನಾಲ್ಕನೆಯ ದಿನ ಕೋಳಿ ಸೂಪು, ಒಗೆದ ಪೈಜಾಮ ಹಿಡಿದು ಗಂಡನನ್ನು ನೋಡಲು ಹೋದಳು. ಅವನು ಸೂಪು ಕುಡಿದು ಉಪ್ಪು ಸಾಲದು ಎಂದ.

"ಅವಳೊಬ್ಬಳನ್ನೇ ಬಿಟ್ಟು ಯಾಕೆ ಬಂದೆ?" ಎಂದೂ ಕೇಳಿದ.

ತಿರುಗಿ ಬರುವಷ್ಟರಲ್ಲಿ ಕೆಟ್ಟಿತ್ತು. ಬಾಯಿಂದ ಬಾಲದವರೆಗೆ ಒಂದೇ ಚೀಲವಾಗಿ ಕಳಚಬೇಕಾದ ಪೊರೆ ಹರಿದ ಕಾಲುಚೀಲದಂತೆ ಮೈತುಂಬ ಚಿಂದಿಯಾಗಿ ಅಂಟಿಕೊಂಡಿತ್ತು. ಬಾಲಕ್ಕೆ ಎರಡು ಬಿಗಿ ಉಂಗುರ. ಎರಡೂ ಕಣ್ಣ ಮೇಲೆ ಮಂಕು ಬಿಲ್ಲೆ.

ಎದುರುಮನೆಯ ಸ್ಟಾನಜ್ಜಿ ಸುದ್ದಿ ತಿಳಿದದ್ದೇ ರಾಕಿಯಾ ಬಾಟಲಿ ಹಿಡಿದು ಬಂದಳು. ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ. ಜ್ವರ ಬಂದರೆ ಪಾದಕ್ಕೆ, ಕೆಮ್ಮು ಬಂದರೆ ಎದೆಗೆ ಅದನ್ನೇ ತಿಕ್ಕಿ ನಾಲ್ಕು ಮಕ್ಕಳನ್ನು ದೊಡ್ಡವರು ಮಾಡಿದವಳು ಅವಳು.

"ಇದು ಎಲ್ರಿಗೂ ಹತ್ತಿದೆ ಕಣೇ," ಎಂದಳು. "ನನ್ನ ಗಂಡ ಒಬ್ಬ ತಿಕ್ಕೋದು ಬಿಟ್ಟು ಒಳಗೆ ಹಾಕ್ಕೊಂಡು ಹೋದ."

"ಹಾವಿಗೆ ಆಗುತ್ತೇನಜ್ಜಿ?"

"ಯಾಕೆ, ಅದಕ್ಕೆ ಮೈಯಿಲ್ವಾ?"

ಯಾಗೊದಾಳಿಗೂ ಚಿಕ್ಕಂದಿನಲ್ಲಿ ತಾಯಿ ತಿಕ್ಕಿದ್ದು ಅದನ್ನೇ. ಬೇಡ ಎನ್ನಲಿಲ್ಲ. ಬಟ್ಟೆ ಪಕ್ಕೆಗೆ ತಾಗಿದ್ದೇ ತಡ, ಹಾವು ಏಟು ಬಿದ್ದಂತೆ ಸೆಟೆದು, ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ಒಳಗೆಳೆದುಕೊಂಡಿತು. ಆಗ ಅವಳು ಅಜ್ಜಿಯ ಕೈ ತಳ್ಳಿ, ಹಾವನ್ನೆತ್ತಿಕೊಂಡು ಓಡಿ, ವಾಸನೆ ಹೋಗುವ ತನಕ ನಲ್ಲಿಯ ಕೆಳಗೆ ತೊಳೆದಳು.

ಮತ್ತೆ ಹಾಳೆ ತೆಗೆದು ಓದಿದಳು. ಟಬ್ಬಿನಲ್ಲಿ ಎರಡು ಬೆರಳು ಎತ್ತರ ಬೆಚ್ಚನೆಯ ನೀರು. ಮಗುವಿಗೆ ಹುಯ್ಯುವ ನೀರಿನಂತೆ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದಳು. ಹಾವನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿದ ಟವೆಲ್ಲನ್ನು ಸಡಿಲವಾಗಿ ಹಿಡಿದಳು. ಎಳೆಯಲಿಲ್ಲ. ಹಾವು ತಾನೇ ಅದರೊಳಗೆ ನುಸುಳಿ ನುಸುಳಿ ಹೊರಬಂತು, ಒಂದೊಂದು ಸಲಕ್ಕೂ ಒಂದೊಂದು ಚಿಂದಿ ಬಟ್ಟೆಗೆ ಉಳಿಯಿತು. ಬಾಲದ ಉಂಗುರಗಳನ್ನು ಒದ್ದೆ ಹೆಬ್ಬೆರಳಲ್ಲಿ ಹೊರಳಿಸಿ ಹೊರಳಿಸಿ ತುದಿಯಿಂದ ಜಾರಿಸುವಷ್ಟರಲ್ಲಿ ಸಂಜೆಯಾಯಿತು. ಬಲಗಣ್ಣಿನ ಬಿಲ್ಲೆ ಟವೆಲ್ಲಿಗೇ ಬಂತು. ಎಡಗಣ್ಣಿನದು ಅಲುಗಲಿಲ್ಲ. ಉಗುರಿಗೆ ಸಿಗುವ ಹಾಗೆ ಅಂಚು ಎದ್ದಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ದಣಿದ ಹಾವು ಅವಳ ತೋಳು ಹತ್ತಿ, ಎದೆಯ ಖಾಲಿಯಾದ ಬದಿಯಲ್ಲಿ ತಲೆಯಿಟ್ಟು ಮಲಗಿತು. ಆರು ವರ್ಷದಲ್ಲಿ ಆ ಜಾಗವನ್ನು ಮುಟ್ಟಿದವರು ಡಾಕ್ಟರು ಮಾತ್ರ.

ಎರಡು ವಾರದ ಮೇಲೆ ಮಿಲಿಸಾವ್ ಮನೆಗೆ ಬಂದ. ಕೋಟು ಬಿಚ್ಚದೆ, ಊರುಗೋಲು ಊರಿಕೊಂಡು ನೇರ ಗಾಜಿನ ಪೆಟ್ಟಿಗೆಯ ಮುಂದೆ ನಿಂತ. ಯಾಗೊದಾ ಪೊರೆಯ ಚೂರುಗಳನ್ನೆಲ್ಲ ಬೂಟಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಅವನು ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದ.

"ಎಡಗಣ್ಣು ಬಂದಿಲ್ಲ."

"ಎಳೀಬೇಡ ಅಂದಿದ್ಯಲ್ಲ."

"ಪಾಚಿ ಒಣಗಿಸಿದೀಯ. ಇಲ್ಲಾಂದ್ರೆ ಹೀಗೆ ಚೂರಾಗ್ತಿರ್ಲಿಲ್ಲ. ಅಷ್ಟೊತ್ತು ಎಲ್ಲಿಗೆ ಹೋಗಿದ್ದೆ?"

ಸೂಪು ಹಿಡಿದು ನಿನ್ನ ಹತ್ತಿರವೇ ಬಂದಿದ್ದೆ ಎಂದು ಅವಳು ಹೇಳಲಿಲ್ಲ. ಅವನಿಗೂ ಹೊಳೆಯಲಿಲ್ಲ. ಅವನು ಗಾಜಿಗೆ ಬೆರಳು ತಾಗಿಸಿ, ಬಲು ಮೆತ್ತಗೆ, ಮುಂದಿನ ಸಲ ಅದೂ ಬಂದುಬಿಡುತ್ತದೆ, ಕಾಯೋಣ, ನಮಗೇನು ಅವಸರ ಎಂದು ಹಾವಿಗೆ ಸಮಾಧಾನ ಹೇಳುತ್ತಿದ್ದ.

ಯಾಗೊದಾ ಒಳಗೆ ಹೋಗಿ ಬ್ಯಾಗು ತುಂಬಿಕೊಂಡು ಬಂದಳು. ಪಿರೋಟ್ ಊರಿಗೆ, ತಂಗಿ ಮನೆಗೆ ಹೊರಟೆ ಎಂದಳು. ತಿರುಗಿ ಯಾವಾಗ ಎಂದರೆ ಗೊತ್ತಿಲ್ಲ ಎಂದಳು. ಮಿಲಿಸಾವ್ ಅವಳನ್ನು ನೋಡಿದ, ನೆಲದ ಮಟ್ಟದಲ್ಲಿದ್ದ ಪೆಟ್ಟಿಗೆಯನ್ನು ನೋಡಿದ. ಮೂರು ತಿಂಗಳು ಬಗ್ಗಬಾರದು ಎಂದಿದ್ದರು ಡಾಕ್ಟರು.

"ಹಂಗಾದ್ರೆ ಅವಳ ನೀರು ಯಾರು ಬದಲಾಯಿಸೋದು?"

ಯಾಗೊದಾ ಬ್ಯಾಗು ಕೆಳಗಿಟ್ಟಳು. ಬಟ್ಟಲಿಗೆ ಹೊಸ ನೀರು ತುಂಬಿ, ಪಾಚಿ ನೆನೆಸಿ, ಮುಚ್ಚಳ ಹಾಕಿದಳು. ದಿನಾ ಬಂದು ನೋಡಿಕೊಳ್ಳಲು ಸ್ಟಾನಜ್ಜಿಗೆ ಹೇಳಿದ್ದೇನೆ, ಬಾಟಲಿ ಮಾತ್ರ ಒಳಗೆ ಬಿಟ್ಟುಕೊಳ್ಳಬೇಡ ಎಂದಳು.

"ಬರ್ತೀನಿ ಗೊಸ್ಪೋಜಾ," ಎಂದು ಹಾವಿಗೆ ಹೇಳಿ, ಬ್ಯಾಗೆತ್ತಿಕೊಂಡು ಮೆಟ್ಟಿಲಿಳಿದಳು.